ಮದುವೆಯಾದ ಮೇಲೆ ಸೈಕಾಲಜಿ ಓದಿದ ಲೀಟಾ

ತಿಂಡಿ, ಡಬ್ಬಿ, ಸ್ಕೂಲ್ ವ್ಯಾನು ಎಲ್ಲಾ ಮುಗಿದು, ಹನ್ನೊಂದು ಗಂಟೆಗೆ ಒಂದು ಲೋಟ ಕಾಫಿ ಹಿಡಿದು ಕೂತಾಗ ಬೀರುವಿನಲ್ಲಿರೋ ಡಿಗ್ರಿ ಸರ್ಟಿಫಿಕೇಟ್ ನೆನಪಾಗುತ್ತಾ? ಮುಂದೆ ಓದಬೇಕಿತ್ತು ಅನ್ನಿಸುತ್ತಾ? ಅನ್ನಿಸಿದ ಮರುಕ್ಷಣವೇ ಇನ್ನೊಂದು ಯೋಚನೆ ಬರುತ್ತೆ. ಈ ವಯಸ್ಸಿನಲ್ಲಿ ಯಾರು ಸೀಟು ಕೊಡ್ತಾರೆ, ಫೀಸು ಯಾರು ಕಟ್ತಾರೆ, ಇಷ್ಟು ವರ್ಷ ಮನೆಯಲ್ಲೇ ಕೂತವಳಿಗೆ ತಲೆ ಓಡುತ್ತಾ? ಇಂಥ ಪ್ರಶ್ನೆಗಳು ಕಾಡಿದಾಗ ಒಬ್ಬ ಹೆಣ್ಣುಮಗಳ ಕಥೆ ಗೊತ್ತಿದ್ದರೆ ಒಳ್ಳೆಯದು. ಹೆಸರು ಲೀಟಾ ಸ್ಟೆಟರ್ ಹಾಲಿಂಗ್‌ವರ್ತ್. ಅಮೆರಿಕದಾಕೆ. ತೀರಿಕೊಂಡು ಎಂಟು ದಶಕಗಳ ಮೇಲಾಯಿತು. ಮನಃಶಾಸ್ತ್ರ ಓದೋರಿಗೆ ಈಕೆಯ ಹೆಸರು ಚೆನ್ನಾಗಿ ಗೊತ್ತು. ಆದರೆ ಈಕೆ ಒಂದು ಕಾಲದಲ್ಲಿ ಕೈಯಲ್ಲಿ ಡಿಗ್ರಿ ಇಟ್ಟುಕೊಂಡು ಬಾಡಿಗೆ ಮನೆಯಲ್ಲಿ ಅಡುಗೆ ಮಾಡುತ್ತಾ, ಬಟ್ಟೆ ಹೊಲಿಯುತ್ತಾ ಕಣ್ಣೀರು ನುಂಗಿದ ಗೃಹಿಣಿ ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ತಾಯಿ ಇಲ್ಲದ ಮಗು

ಲೀಟಾ ಹುಟ್ಟಿದ್ದು 1886ರ ಮೇ 25ರಂದು, ನೆಬ್ರಾಸ್ಕಾ ರಾಜ್ಯದ ಶಾಡ್ರನ್ ಎಂಬ ಊರಿನ ಹತ್ತಿರ. ಆಗ ಅದು ಹೊಸದಾಗಿ ಜನ ಬಂದು ನೆಲೆಸುತ್ತಿದ್ದ ಬಯಲುಸೀಮೆ. ಮೂವರು ಹೆಣ್ಣುಮಕ್ಕಳಲ್ಲಿ ಇವಳೇ ದೊಡ್ಡವಳು. ಹುಟ್ಟಿದ್ದು ಹೆಣ್ಣು ಅಂತ ಅಪ್ಪನಿಗೆ ಬೇಜಾರು. ಅಮ್ಮನಿಗೆ ಮಾತ್ರ ಮಗಳೆಂದರೆ ಪ್ರಾಣ. ಮಗುವಿನ ಮೊದಲ ವರ್ಷದ ಒಂದೊಂದು ಆಟವನ್ನೂ, ಮಗುವೇ ಬರೆಯುತ್ತಿದೆಯೇನೋ ಅನ್ನೋ ಹಾಗೆ, ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದಳು ಆ ತಾಯಿ. ಲೀಟಾಗೆ ನಾಲ್ಕು ವರ್ಷ ತುಂಬೋ ಮೊದಲೇ, ಮೂರನೇ ಹೆರಿಗೆಯಲ್ಲಿ ಆಕೆ ತೀರಿಕೊಂಡಳು. ಅಮ್ಮನಿಂದ ಮಗಳಿಗೆ ಉಳಿದದ್ದು ಆ ಪುಸ್ತಕ.

ಮಕ್ಕಳನ್ನು ಸಾಕಿದ್ದು ತಾಯಿಯ ಅಪ್ಪ ಅಮ್ಮ. ಬಡತನವಿದ್ದರೂ ಅಜ್ಜಿಮನೆಯಲ್ಲಿ ಪ್ರೀತಿಗೆ ಕೊರತೆ ಇರಲಿಲ್ಲ. ಸುಮಾರು ಹತ್ತು ವರ್ಷದ ನಂತರ ಅಪ್ಪ ಇನ್ನೊಂದು ಮದುವೆ ಮಾಡಿಕೊಂಡು ಮಕ್ಕಳನ್ನು ವ್ಯಾಲೆಂಟೈನ್ ಎಂಬ ಊರಿಗೆ ಕರೆದುಕೊಂಡು ಹೋದ. ಮಲತಾಯಿಯ ಕಾಟ, ಅಪ್ಪನ ಕುಡಿತ. ಆ ಮನೆಯನ್ನು ಲೀಟಾ ಕೊನೆವರೆಗೂ ಬೆಂಕಿಯ ಕುಲುಮೆ ಅಂತಲೇ ನೆನೆಸಿಕೊಂಡರು. ಅಲ್ಲಿಂದ ಬಿಡುಗಡೆ ಸಿಕ್ಕಿದ್ದು ಓದಿನಿಂದ. ಹೈಸ್ಕೂಲಿನಲ್ಲೇ ಕವನ ಬರೆದು ಊರಿನ ಪತ್ರಿಕೆಯಲ್ಲಿ ಅಚ್ಚಾಗಿತ್ತು. 1902ರಲ್ಲಿ, ಹದಿನಾರನೇ ವಯಸ್ಸಿಗೆ, ಲಿಂಕನ್ ನಗರದ ನೆಬ್ರಾಸ್ಕಾ ವಿಶ್ವವಿದ್ಯಾಲಯ ಸೇರಿದಳು. ಸಾಹಿತಿ ಆಗಬೇಕು ಅನ್ನೋದು ಆಗಿನ ಕನಸು. ಅಲ್ಲಿಯೇ ಹ್ಯಾರಿ ಹಾಲಿಂಗ್‌ವರ್ತ್ ಎಂಬ ಸಹಪಾಠಿಯ ಪರಿಚಯವಾಯಿತು. ಅದು ಪ್ರೀತಿಗೆ ತಿರುಗಿತು. 1906ರಲ್ಲಿ ಒಳ್ಳೆಯ ಅಂಕಗಳೊಂದಿಗೆ ಡಿಗ್ರಿ ಕೈಗೆ ಬಂತು, ಜೊತೆಗೆ ಟೀಚರ್ ಆಗುವ ಸರ್ಟಿಫಿಕೇಟೂ ಸಿಕ್ಕಿತು. ಎರಡು ವರ್ಷಕ್ಕೂ ಮಿಕ್ಕಿ ನೆಬ್ರಾಸ್ಕಾದ ಸಣ್ಣ ಊರುಗಳಲ್ಲಿ ಪಾಠ ಹೇಳಿದರು.

ಡಿಗ್ರಿ ಇದ್ದರೂ ಒಲೆ ಮುಂದೆ

ಹ್ಯಾರಿ ಮನಃಶಾಸ್ತ್ರದಲ್ಲಿ ಹೆಚ್ಚಿನ ಓದಿಗೆ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದ್ದರು. 1908ರ ಡಿಸೆಂಬರ್ 31ರಂದು ನ್ಯೂಯಾರ್ಕ್‌ನಲ್ಲೇ ಇಬ್ಬರ ಮದುವೆ ಆಯಿತು. ಗಂಡ ಓದು ಮುಗಿಸೋವರೆಗೆ ತಾನು ಟೀಚರ್ ಕೆಲಸ ಮಾಡಿ ಸಂಸಾರ ನಡೆಸೋದು ಅಂತ ಲೀಟಾ ಲೆಕ್ಕ ಹಾಕಿದ್ದರು. ಲೆಕ್ಕ ತಲೆಕೆಳಗಾಯಿತು. ನ್ಯೂಯಾರ್ಕ್‌ನ ಸರ್ಕಾರಿ ಶಾಲೆಗಳಲ್ಲಿ ಮದುವೆಯಾದ ಹೆಂಗಸರಿಗೆ ಟೀಚರ್ ಕೆಲಸ ಕೊಡುವಂತಿಲ್ಲ ಅನ್ನೋ ನಿಯಮ ಆಗ ಇತ್ತು. ಗಂಡಸಿಗೆ ಇಂಥ ನಿಯಮ ಇರಲಿಲ್ಲ ಅಂತ ಬೇರೆ ಹೇಳಬೇಕಾ?

ಸರಿ, ಮನೆಯಲ್ಲೇ ಉಳಿದರು. ಅಡುಗೆ, ಪಾತ್ರೆ, ಕಸ ಮುಸುರೆ ಎಲ್ಲಾ ಮಾಡಿ ತಮ್ಮ ಬಟ್ಟೆಯನ್ನೂ ತಾವೇ ಹೊಲಿದುಕೊಂಡರು. ಬಿಡುವಾದಾಗ ಸಣ್ಣಕಥೆ ಬರೆದು ಪತ್ರಿಕೆಗಳಿಗೆ ಕಳಿಸಿದರು, ಯಾರೂ ತಗೊಳ್ಳಲಿಲ್ಲ. ಸ್ಕಾಲರ್‌ಶಿಪ್ ಸಿಕ್ಕಿದರೆ ತಾವೂ ಮುಂದೆ ಓದಬಹುದು ಅಂತ ಅರ್ಜಿ ಹಾಕಿದರು, ಅದೂ ಸಿಗಲಿಲ್ಲ. ಮನೆಕೆಲಸ ಅವರಿಗೆ ಬೇಸರ ಅಂತಲ್ಲ, ಚೊಕ್ಕಟವಾಗಿಯೇ ಮಾಡುತ್ತಿದ್ದರು. ಆದರೆ ಇಷ್ಟು ಓದಿಯೂ ತಮ್ಮ ಬುದ್ಧಿ ಯಾರಿಗೂ ಬೇಡವಾಯಿತಲ್ಲ ಅನ್ನೋ ಕೊರಗು ಒಳಗೊಳಗೇ ತಿನ್ನುತ್ತಿತ್ತು. ಕಾರಣ ಹೇಳಲಾಗದೆ ಒಮ್ಮೊಮ್ಮೆ ಅಳು ಬರುತ್ತಿತ್ತು. ಹೀಗೇ ಎರಡು ವರ್ಷಕ್ಕೂ ಹೆಚ್ಚು ಕಾಲ ಕಳೆಯಿತು.

ಆಗಲೇ ಮನಸ್ಸಿನಲ್ಲಿ ಒಂದು ಪ್ರಶ್ನೆ ಹುಟ್ಟಿದ್ದು. ಹೆಂಗಸಿಗೆ ಇದು ಆಗಲ್ಲ, ಅದು ಆಗಲ್ಲ ಅಂತ ಎಲ್ಲರೂ ಹೇಳ್ತಾರಲ್ಲ, ಯಾರಾದರೂ ಪರೀಕ್ಷೆ ಮಾಡಿ ನೋಡಿದ್ದಾರಾ?

ಕೋಕಾ-ಕೋಲಾ ಕಟ್ಟಿದ ಫೀಸು!

ಬಾಗಿಲು ತೆರೆದದ್ದು ವಿಚಿತ್ರ ರೀತಿಯಲ್ಲಿ. ಕೋಕಾ-ಕೋಲಾದಲ್ಲಿರುವ ಕೆಫೀನ್ ಆರೋಗ್ಯಕ್ಕೆ ಹಾನಿ ಅಂತ ಅಮೆರಿಕ ಸರ್ಕಾರ 1909ರಲ್ಲಿ ಆ ಪಾನೀಯದ ಸಿರಪ್ ಇದ್ದ 40 ದೊಡ್ಡ ಪೀಪಾಯಿ, 20 ಸಣ್ಣ ಪೀಪಾಯಿಗಳನ್ನು ಜಪ್ತಿ ಮಾಡಿ ಕೇಸು ಹಾಕಿತ್ತು. 1911ರಲ್ಲಿ ಟೆನೆಸಿ ರಾಜ್ಯದ ಚಾಟನೂಗಾದಲ್ಲಿ ವಿಚಾರಣೆ ನಡೆಯುವುದಿತ್ತು. ಕೆಫೀನ್ ಮನುಷ್ಯರ ಬುದ್ಧಿ, ಕೈಚಳಕ, ನಿದ್ದೆ ಮೇಲೆ ಏನು ಪರಿಣಾಮ ಮಾಡುತ್ತೆ ಅಂತ ಪರೀಕ್ಷಿಸಿ ಹೇಳುವವರು ಕಂಪನಿಗೆ ಬೇಕಿತ್ತು. ಕಂಪನಿಯ ದುಡ್ಡು ಮುಟ್ಟಿದರೆ ಹೆಸರು ಕೆಡುತ್ತೆ ಅಂತ ದೊಡ್ಡ ವಿಜ್ಞಾನಿಗಳು ಹಿಂಜರಿದರು. ಆಗತಾನೇ ಪಿಎಚ್.ಡಿ. ಮುಗಿಸಿ, ಸಣ್ಣ ಸಂಬಳಕ್ಕೆ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಹ್ಯಾರಿ ಒಪ್ಪಿಕೊಂಡರು. ಫಲಿತಾಂಶ ಏನೇ ಬರಲಿ ಪ್ರಕಟಿಸಲು ತಮಗೆ ಸ್ವಾತಂತ್ರ್ಯ ಇರಬೇಕು ಅಂತ ಮೊದಲೇ ಕರಾರು ಮಾಡಿಕೊಂಡರು.

ಈ ಕೆಲಸಕ್ಕೆ ಸಹಾಯಕ ನಿರ್ದೇಶಕಿ ಯಾರು ಗೊತ್ತಾ? ಲೀಟಾ! ಮ್ಯಾನ್‌ಹಟನ್‌ನಲ್ಲಿ ಒಂದು ಅಪಾರ್ಟ್‌ಮೆಂಟ್ ಬಾಡಿಗೆಗೆ ಹಿಡಿದು 16 ಜನರ ಮೇಲೆ ಹಲವು ವಾರ ಪ್ರಯೋಗ ಮಾಡಿದರು. ಯಾವ ದಿನ ತಾವು ನುಂಗಿದ ಗುಳಿಗೆಯಲ್ಲಿ ಕೆಫೀನ್ ಇತ್ತು, ಯಾವ ದಿನ ಬರೀ ಸಕ್ಕರೆ ಇತ್ತು ಅನ್ನೋದು ಅವರಿಗೆ ತಿಳಿಯದ ಹಾಗೆ ನೋಡಿಕೊಂಡರು. ಕೆಫೀನ್ ಕೊಂಚ ಪ್ರಮಾಣದಲ್ಲಿದ್ದರೆ ಬುದ್ಧಿಶಕ್ತಿಗೆ ಹಾನಿ ಕಾಣಲಿಲ್ಲ. ಕೇಸು ಆಮೇಲೆ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು, ಆ ಕಥೆ ಬೇರೆ. ಲೀಟಾಗೆ ಎರಡು ಲಾಭ ಆಯಿತು. ಪ್ರಯೋಗ ಅಂದರೆ ಹೇಗೆ ಮಾಡಬೇಕು ಅಂತ ಕೈಯಾರೆ ಕಲಿತರು. ಜೊತೆಗೆ, ಕೆಲಸಕ್ಕೆ ಬಂದ ಹಣವನ್ನು ಗಂಡ ಹೆಂಡತಿ ಕೂಡಿ ಲೀಟಾ ಓದಿಗೆ ಎತ್ತಿಟ್ಟರು. ಒಡವೆ ಬರಲಿಲ್ಲ, ಮನೆಗೆ ಸಾಮಾನು ಬರಲಿಲ್ಲ. ಕೊಲಂಬಿಯಾದಲ್ಲಿ ಲೀಟಾ ಹೆಸರಿಗೆ ಒಂದು ಸೀಟು ಬಂತು. ಆಗ ಅವರಿಗೆ ಇಪ್ಪತ್ತೈದು ವರ್ಷ.

ತಿಂಗಳ ಆ ದಿನಗಳನ್ನು ಅಳೆದಾಗ

1913ರಲ್ಲಿ ಎಂ.ಎ. ಮುಗಿಯಿತು. ಪಿಎಚ್.ಡಿ.ಗೆ ಗೈಡ್ ಆಗಿದ್ದವರು ಎಡ್ವರ್ಡ್ ಥಾರ್ನ್‌ಡೈಕ್, ಆ ಕಾಲದ ಹೆಸರಾಂತ ಮನಃಶಾಸ್ತ್ರಜ್ಞ. ಸಂಶೋಧನೆಗೆ ಯಾವ ವಿಷಯ ತಗೊಳ್ಳೋದು ಅನ್ನೋ ಪ್ರಶ್ನೆ ಬಂದಾಗ, ಗಂಡಸರು ಬಾಯಿಬಿಟ್ಟು ಮಾತಾಡಲೂ ಮುಜುಗರಪಡುತ್ತಿದ್ದ ವಿಷಯವನ್ನೇ ಲೀಟಾ ಆರಿಸಿದರು. ಅದು ಮುಟ್ಟು.

ತಿಂಗಳಲ್ಲಿ ಕೆಲವು ದಿನ ಹೆಂಗಸರ ಬುದ್ಧಿ ಮಂಕಾಗುತ್ತೆ, ಕೈ ನಡುಗುತ್ತೆ, ಆದ್ದರಿಂದ ಜವಾಬ್ದಾರಿಯ ಕೆಲಸ ಅವರಿಗೆ ಒಪ್ಪಿಸಬಾರದು ಅಂತ ಆಗಿನ ವೈದ್ಯರೇ ಪುಸ್ತಕದಲ್ಲಿ ಬರೆಯುತ್ತಿದ್ದರು. ಓಟಿನ ಹಕ್ಕು ಕೊಡಬಾರದು ಅನ್ನೋರಿಗೂ ಇದೇ ಒಂದು ನೆಪ. ಲೀಟಾ ಯಾರ ಜೊತೆಯೂ ಜಗಳಕ್ಕೆ ಹೋಗಲಿಲ್ಲ. 23 ಹೆಂಗಸರನ್ನು ಆರಿಸಿಕೊಂಡರು, ಹೋಲಿಕೆಗೆ ಇಬ್ಬರು ಗಂಡಸರನ್ನೂ ಸೇರಿಸಿಕೊಂಡರು. ಬೆರಳಿನಿಂದ ಎಷ್ಟು ವೇಗವಾಗಿ ತಟ್ಟುತ್ತಾರೆ, ಕೈ ಎಷ್ಟು ಸ್ಥಿರವಾಗಿ ನಿಲ್ಲುತ್ತೆ, ಬಣ್ಣಗಳ ಹೆಸರು ಎಷ್ಟು ಬೇಗ ಹೇಳುತ್ತಾರೆ, ಒಂದು ಪದ ಕೊಟ್ಟರೆ ವಿರುದ್ಧ ಪದ ಎಷ್ಟು ಬೇಗ ಹೊಳೆಯುತ್ತೆ, ಟೈಪಿಂಗ್ ಎಷ್ಟು ಬೇಗ ಕಲಿಯುತ್ತಾರೆ ಅಂತ ವಾರಗಟ್ಟಲೆ ಮತ್ತೆ ಮತ್ತೆ ಪರೀಕ್ಷೆ ಮಾಡಿದರು. ಆಮೇಲೆ ಮುಟ್ಟಿನ ದಿನಗಳ ಅಂಕಗಳನ್ನು ಬೇರೆ ದಿನಗಳ ಅಂಕಗಳ ಪಕ್ಕ ಇಟ್ಟು ನೋಡಿದರು.

ವ್ಯತ್ಯಾಸ ಕಾಣಲಿಲ್ಲ! ನೋವು, ಸುಸ್ತು ಯಾರಿಗೂ ಇರಲ್ಲ ಅಂತ ಅವರು ಹೇಳಲಿಲ್ಲ. ಬುದ್ಧಿಯಾಗಲಿ ಕೈಕೆಲಸವಾಗಲಿ ಆ ದಿನಗಳಲ್ಲಿ ಕುಗ್ಗುತ್ತೆ ಅನ್ನೋ ಮಾತಿಗೆ ಪುರಾವೆ ಇಲ್ಲ ಅಂತ ತೋರಿಸಿದರು, ಅಷ್ಟೇ. ಪ್ರಬಂಧ 1914ರಲ್ಲಿ ಪ್ರಕಟವಾಯಿತು. 1916ರಲ್ಲಿ ಪಿಎಚ್.ಡಿ. ಪದವಿ ಬಂತು.

ಸಾವಿರ ಗಂಡು, ಸಾವಿರ ಹೆಣ್ಣು

ಆ ಕಾಲದಲ್ಲಿ ಇನ್ನೊಂದು ವಾದವೂ ಚಾಲ್ತಿಯಲ್ಲಿತ್ತು. ಗಂಡಸರಲ್ಲಿ ಮಹಾ ಮೇಧಾವಿಗಳೂ ಹೆಚ್ಚು, ತೀರಾ ಮಂದಬುದ್ಧಿಯವರೂ ಹೆಚ್ಚು. ಹೆಂಗಸರು ಎಲ್ಲರೂ ನಡುಮಟ್ಟದವರು, ಆದ್ದರಿಂದ ಅವರಲ್ಲಿ ಮೇಧಾವಿಗಳು ಹುಟ್ಟೋದು ಅಪರೂಪ ಅನ್ನೋದು ಆ ವಾದ. ಇದನ್ನು ನಂಬಿದವರಲ್ಲಿ ಲೀಟಾ ಅವರ ಗೈಡ್ ಥಾರ್ನ್‌ಡೈಕ್ ಕೂಡ ಒಬ್ಬರು. ಗುರುಗಳ ಮಾತನ್ನೇ ಶಿಷ್ಯೆ ಪರೀಕ್ಷೆಗೆ ಹಚ್ಚಿದರು. ಹೆಲೆನ್ ಮಾಂಟೇಗ್ ಅವರ ಜೊತೆ ಸೇರಿ ಒಂದು ಆಸ್ಪತ್ರೆಯಲ್ಲಿ ಹುಟ್ಟಿದ 1,000 ಗಂಡು, 1,000 ಹೆಣ್ಣು ಶಿಶುಗಳ ಅಳತೆಗಳನ್ನು ಲೆಕ್ಕ ಹಾಕಿದರು. ಗಂಡುಮಕ್ಕಳು ಸರಾಸರಿಯಲ್ಲಿ ತುಸು ದೊಡ್ಡವು, ನಿಜ. ಆದರೆ ಮಗುವಿಂದ ಮಗುವಿಗೆ ಇರೋ ಏರಿಳಿತ ಗಂಡಿನಲ್ಲಿ ಹೆಚ್ಚು ಅನ್ನೋದಕ್ಕೆ ಆಧಾರ ಸಿಗಲಿಲ್ಲ. 1914ರಲ್ಲಿ ಇದೂ ಪ್ರಕಟವಾಯಿತು.

ಹಾಗಾದರೆ ಬುದ್ಧಿಮಾಂದ್ಯರ ಸಂಸ್ಥೆಗಳಲ್ಲಿ ಗಂಡಸರ ಸಂಖ್ಯೆ ಏಕೆ ಹೆಚ್ಚು? ಇದಕ್ಕೂ ಲೀಟಾ ಉತ್ತರ ಹುಡುಕಿದರು. ಅಷ್ಟರಲ್ಲಿ ಅವರಿಗೆ ಬುದ್ಧಿಮಾಂದ್ಯರನ್ನು ಪರೀಕ್ಷಿಸುವ ನ್ಯೂಯಾರ್ಕ್‌ನ ಒಂದು ಕೇಂದ್ರದಲ್ಲಿ ಕೆಲಸ ಸಿಕ್ಕಿತ್ತು. ಮದುವೆಯಾದವಳು ಅಂತ ಟೀಚರ್ ಕೆಲಸ ಕೊಡದ ಅದೇ ಊರಿನಲ್ಲಿ, 1914ರಲ್ಲಿ ಸಿವಿಲ್ ಸರ್ವೀಸ್ ಪರೀಕ್ಷೆ ಬರೆದು ಮನಃಶಾಸ್ತ್ರಜ್ಞೆಯಾಗಿ ನೇಮಕವಾದರು! ಕೇಂದ್ರಕ್ಕೆ ಬಂದ ಸಾವಿರ ಜನರ ದಾಖಲೆ ತೆಗೆದು ನೋಡಿದಾಗ ಅವರಿಗೆ ಒಂದು ವಿಷಯ ಹೊಳೆಯಿತು. ಗಂಡುಹುಡುಗರನ್ನು ಚಿಕ್ಕ ವಯಸ್ಸಿಗೇ ಕರೆತರುತ್ತಿದ್ದರು, ಹೆಂಗಸರು ಬರುತ್ತಿದ್ದದ್ದು ತಡವಾಗಿ, ದೊಡ್ಡವರಾದ ಮೇಲೆ. ಯಾಕೆ? ಹುಡುಗ ಹೊರಗೆ ದುಡಿಯಲೇಬೇಕು, ಅಲ್ಲಿ ಅವನ ಕೊರತೆ ಬೇಗ ಗೊತ್ತಾಗುತ್ತೆ. ಹೆಣ್ಣುಮಗಳು ಮನೆಯೊಳಗೆ ಪಾತ್ರೆ ತೊಳೆದುಕೊಂಡು, ಮಗು ಎತ್ತಿಕೊಂಡು ಇದ್ದುಬಿಡುತ್ತಾಳೆ, ಯಾರ ಕಣ್ಣಿಗೂ ಬೀಳಲ್ಲ.

ಇದರ ಇನ್ನೊಂದು ಮುಖವನ್ನೂ ಲೀಟಾ ಎತ್ತಿ ತೋರಿಸಿದರು. ಕೊರತೆ ಇರುವ ಹೆಣ್ಣು ಮನೆಯೊಳಗೆ ಕಾಣದ ಹಾಗೆಯೇ ಪ್ರತಿಭೆ ಇರುವ ಹೆಣ್ಣೂ ಕಾಣಲ್ಲ. ಹೆಸರು ಮಾಡಿದ ಹೆಂಗಸರು ಕಡಿಮೆ ಇರೋದಕ್ಕೆ ಕಾರಣವನ್ನು ಮೆದುಳಿನಲ್ಲಿ ಹುಡುಕೋ ಮೊದಲು, ಹೆರಿಗೆ, ಬಾಣಂತನ, ಮನೆವಾರ್ತೆ ಎಲ್ಲಾ ಯಾರ ಹೆಗಲ ಮೇಲಿದೆ ಅಂತ ನೋಡಬೇಕು ಅನ್ನೋದು ಅವರ ನಿಲುವು. ಎರಡು ವರ್ಷ ಒಲೆ ಮುಂದೆ ಕೂತು ಕೊರಗಿದವರಿಗೆ ಇದನ್ನು ಇನ್ನೊಬ್ಬರು ಹೇಳಿಕೊಡಬೇಕಿರಲಿಲ್ಲ, ಅಲ್ವಾ? ಹೆಂಗಸರ ಓಟಿನ ಹಕ್ಕಿಗಾಗಿಯೂ ಅವರು ದುಡಿದರು.

ಥಾರ್ನ್‌ಡೈಕ್ ದೊಡ್ಡತನ ನೋಡಿ. ತಮ್ಮ ಮಾತನ್ನೇ ಪ್ರಶ್ನಿಸಿದ ಶಿಷ್ಯೆಗೆ 1916ರಲ್ಲಿ ಕೊಲಂಬಿಯಾದ ಟೀಚರ್ಸ್ ಕಾಲೇಜಿನಲ್ಲಿ ಕೆಲಸ ಕೊಡಿಸಿದರು. ಬೆಲ್ವ್ಯೂ ಆಸ್ಪತ್ರೆಯಲ್ಲಿ ದೊಡ್ಡ ಹುದ್ದೆ ಕಾದಿದ್ದರೂ ಲೀಟಾ ಪಾಠ ಹೇಳುವ ಕೆಲಸವನ್ನೇ ಆರಿಸಿಕೊಂಡು ಕೊನೆತನಕ ಅಲ್ಲೇ ಇದ್ದರು. 1929ರಲ್ಲಿ ಪೂರ್ಣ ಪ್ರೊಫೆಸರ್ ಆದರು. 1921ರಲ್ಲಿ ದೇಶದ ವಿಜ್ಞಾನಿಗಳ ಪಟ್ಟಿಯ ಪುಸ್ತಕದಲ್ಲಿ ಅವರ ಹೆಸರು ಸೇರಿತು. ಆ ಪುಸ್ತಕದ ಹೆಸರು ಅಮೆರಿಕನ್ ಮೆನ್ ಆಫ್ ಸೈನ್ಸ್!

ತೀರಾ ಜಾಣ ಮಗುವಿನ ಕಷ್ಟ

ಆಸ್ಪತ್ರೆಯಲ್ಲಿ ಕೆಲಸ ಮಾಡುವಾಗ ಲೀಟಾ ಇನ್ನೊಂದು ಸಂಗತಿ ಗಮನಿಸಿದ್ದರು. ದಡ್ಡರು ಅಂತ ಹಣೆಪಟ್ಟಿ ಹಚ್ಚಿಸಿಕೊಂಡು ಬಂದ ಎಷ್ಟೋ ಹದಿಹರೆಯದವರು ದಡ್ಡರೇ ಅಲ್ಲ. ಮನೆಯಲ್ಲಿ, ಶಾಲೆಯಲ್ಲಿ ಹೊಂದಿಕೊಳ್ಳಲಾಗದೆ ಒದ್ದಾಡುತ್ತಿದ್ದವರು. 1928ರಲ್ಲಿ ಹದಿಹರೆಯದ ಬಗ್ಗೆ ಅವರು ಬರೆದ ಪುಸ್ತಕ ಕಾಲೇಜುಗಳಲ್ಲಿ ಬಹಳ ವರ್ಷ ಪಠ್ಯವಾಗಿತ್ತು. ಮಗುವಿಗೆ ಎದೆಹಾಲು ಬಿಡಿಸೋ ಹಾಗೆ, ಬೆಳೆದ ಮಕ್ಕಳು ಮನಸ್ಸಿನಲ್ಲೂ ಅಪ್ಪ ಅಮ್ಮನ ಆಸರೆ ಬಿಡಬೇಕಾದ ಕಾಲ ಬರುತ್ತೆ ಅನ್ನೋ ಹೋಲಿಕೆ ಆ ಪುಸ್ತಕದ್ದು. ಹತ್ತನೇ ಕ್ಲಾಸಿನ ಮಗ ಬಾಗಿಲು ಹಾಕಿಕೊಂಡಾಗ ಬೇಜಾರಾಗೋ ಅಮ್ಮಂದಿರು ಇದನ್ನು ನೆನಪಿಟ್ಟುಕೊಳ್ಳಬಹುದು.

1916ರಲ್ಲಿ ಒಂದು ದಿನ ಬುದ್ಧಿಶಕ್ತಿ ಪರೀಕ್ಷೆ ಹೇಗೆ ಮಾಡೋದು ಅಂತ ವಿದ್ಯಾರ್ಥಿಗಳಿಗೆ ತೋರಿಸಲು ಎಂಟು ವರ್ಷದ ಹುಡುಗನೊಬ್ಬನನ್ನು ಕರೆಸಿದ್ದರು. ಅವನ ಐಕ್ಯೂ 180 ದಾಟಿತ್ತು! ಅಂಥ ಮಕ್ಕಳು ಮುಂದೆ ಏನಾಗುತ್ತಾರೆ ಅನ್ನೋ ಕುತೂಹಲ ಅಂದಿನಿಂದ ಶುರು. ಇಪ್ಪತ್ತಕ್ಕೂ ಹೆಚ್ಚು ವರ್ಷ ಹುಡುಕಿದರೂ ಅವರಿಗೆ ಸಿಕ್ಕಿದ್ದು 12 ಮಕ್ಕಳು ಮಾತ್ರ. ಜಾಣ ಮಕ್ಕಳ ಬಗ್ಗೆ ಚಿಂತೆ ಬೇಡ, ಅವು ಹೇಗೋ ಮುಂದೆ ಬರುತ್ತವೆ ಅಂತ ಆಗ ಎಲ್ಲರೂ ಅಂದುಕೊಂಡಿದ್ದರು. ಲೀಟಾ ಕಂಡದ್ದು ಬೇರೆ. ಸಾಧಾರಣ ಜಾಣ ಮಕ್ಕಳು ಗೆಳೆಯರ ಜೊತೆ ಹೊಂದಿಕೊಳ್ಳುತ್ತವೆ. ತೀರಾ ಜಾಣ ಮಗು ಮಾತ್ರ ಒಂಟಿ. ಓರಗೆಯವರಿಗೆ ಅದರ ಆಟ ಅರ್ಥವಾಗಲ್ಲ, ದೊಡ್ಡವರು ಅದನ್ನು ಹತ್ತಿರ ಸೇರಿಸಲ್ಲ, ಕ್ಲಾಸಿನಲ್ಲಿ ಅರ್ಧ ಹೊತ್ತು ಸುಮ್ಮನೆ ಕೂತು ಸೋಮಾರಿತನ ಕಲಿಯುತ್ತೆ.

ಇದಕ್ಕೆ ಪರಿಹಾರವನ್ನೂ ಹುಡುಕಿದರು. 1936ರಲ್ಲಿ ನ್ಯೂಯಾರ್ಕ್‌ನಲ್ಲಿ ಸ್ಪೈಯರ್ ಸ್ಕೂಲ್ ಎಂಬ ಪ್ರಾಯೋಗಿಕ ಶಾಲೆ ಶುರುವಾಯಿತು. ಅಲ್ಲಿ ಜಾಣ ಮಕ್ಕಳಿಗೂ, ನಿಧಾನವಾಗಿ ಕಲಿಯೋ ಮಕ್ಕಳಿಗೂ ಬೇರೆ ಬೇರೆ ತರಗತಿಗಳಿದ್ದವು. ಜಾಣ ಮಕ್ಕಳನ್ನು ಬೇಗ ಬೇಗ ಮುಂದಿನ ಕ್ಲಾಸಿಗೆ ನೂಕೋ ಬದಲು ನಾವು ತಿನ್ನೋ ಅನ್ನ, ಉಡೋ ಬಟ್ಟೆ, ವಾಸಿಸೋ ಮನೆ, ಓಡಾಡೋ ಗಾಡಿ ಇವೆಲ್ಲ ಮೊದಲು ಹೇಗಿದ್ದವು, ಹೇಗೆ ಬದಲಾದವು ಅಂತ ಮಕ್ಕಳೇ ಹುಡುಕಿ ಕಲಿಯೋ ಪಾಠ ಮಾಡಿಸಿದರು.

ಒಂದು ಮಾತು ಮುಚ್ಚಿಡಬಾರದು. ಬುದ್ಧಿ ಹೆಚ್ಚಾಗಿ ವಂಶದಿಂದಲೇ ಬರುತ್ತೆ ಅಂತ ಲೀಟಾ ಗಟ್ಟಿಯಾಗಿ ನಂಬಿದ್ದರು. ಎಂಥವರು ಮಕ್ಕಳನ್ನು ಹೆರಬೇಕು, ಎಂಥವರು ಹೆರಬಾರದು ಅನ್ನೋ ಆ ಕಾಲದ ತಪ್ಪು ವಿಚಾರಗಳಿಗೂ ಅವರ ಒಲವಿತ್ತು. ಐಕ್ಯೂ ಅಂಕಿ ಒಂದರಿಂದಲೇ ಮಗುವಿನ ಭವಿಷ್ಯ ಬರೆಯೋದನ್ನು ಇವತ್ತಿನ ಮನಃಶಾಸ್ತ್ರ ಒಪ್ಪಲ್ಲ. ಹೆಂಗಸರ ವಿಷಯದಲ್ಲಿ ಎಲ್ಲರ ಮಾತನ್ನೂ ಪರೀಕ್ಷೆಗೆ ಹಚ್ಚಿದ ಲೀಟಾ, ಈ ವಿಷಯದಲ್ಲಿ ತಮ್ಮ ನಂಬಿಕೆಯನ್ನು ಅಷ್ಟೇ ಕಟ್ಟುನಿಟ್ಟಾಗಿ ಪರೀಕ್ಷಿಸಲಿಲ್ಲ.

ಯಾರಿಗೂ ಹೇಳದ ನೋವು

ದಂಪತಿಗೆ ಮಕ್ಕಳಿರಲಿಲ್ಲ. 1938ರಲ್ಲಿ ಇಬ್ಬರೂ ಓದಿದ ನೆಬ್ರಾಸ್ಕಾ ವಿಶ್ವವಿದ್ಯಾಲಯ ಇಬ್ಬರನ್ನೂ ಕರೆದು ಗೌರವ ಡಾಕ್ಟರೇಟ್ ಕೊಟ್ಟಿತು. ಲೀಟಾ ಒಳಗೆ ಆಗಲೇ ಕ್ಯಾನ್ಸರ್ ಬೆಳೆಯುತ್ತಿತ್ತು. ಸುಮಾರು ಹತ್ತು ವರ್ಷ ಅದನ್ನು ಗಂಡನಿಗೂ ಹೇಳದೆ ಬಚ್ಚಿಟ್ಟುಕೊಂಡು ಪಾಠ, ಶಾಲೆ, ಬರವಣಿಗೆ ಎಲ್ಲಾ ಮಾಡಿದರು. ದಯವಿಟ್ಟು ಈ ವಿಷಯದಲ್ಲಿ ಮಾತ್ರ ಅವರ ದಾರಿ ಹಿಡಿಯಬೇಡಿ. ಮೈಯಲ್ಲಿ ಏನೇ ವ್ಯತ್ಯಾಸ ಕಂಡರೂ ಮನೆಯವರಿಗೆ ಹೇಳಿ, ಡಾಕ್ಟರ್ ಹತ್ತಿರ ತೋರಿಸಿ. 1939ರ ನವೆಂಬರ್ 27ರಂದು, 53ನೇ ವಯಸ್ಸಿನಲ್ಲಿ, ಲೀಟಾ ತೀರಿಕೊಂಡರು. ಆ ಹನ್ನೆರಡು ಮಕ್ಕಳ ಪುಸ್ತಕ ಅರ್ಧಕ್ಕೇ ನಿಂತಿತ್ತು. ಹ್ಯಾರಿ ಅದನ್ನು ಪೂರ್ತಿ ಮಾಡಿ 1942ರಲ್ಲಿ ಹೊರತಂದರು, ಮರುವರ್ಷ ಹೆಂಡತಿಯ ಜೀವನಚರಿತ್ರೆಯನ್ನೂ ಬರೆದರು.

ನಿಮಗೂ ಸೈಕಾಲಜಿ ಇಷ್ಟವೇ?

ಸೈಕಾಲಜಿ ಅಂದರೆ ಒಂದೇ ವಿಷಯ ಅಲ್ಲ, ಅದರೊಳಗೆ ಹಲವು ಕವಲುಗಳಿವೆ ಅನ್ನೋದು ಲೀಟಾ ಬದುಕಿನಲ್ಲೇ ಕಾಣುತ್ತೆ. ಆಸ್ಪತ್ರೆಯಲ್ಲಿ ಕಷ್ಟದಲ್ಲಿರೋರನ್ನು ಪರೀಕ್ಷಿಸಿ ನೆರವಾಗೋದು ಕ್ಲಿನಿಕಲ್. ಮಗು ಹೇಗೆ ಕಲಿಯುತ್ತೆ ಅಂತ ನೋಡೋದು ಶೈಕ್ಷಣಿಕ. ಶೈಶವದಿಂದ ಮುಪ್ಪಿನವರೆಗೆ ಮನಸ್ಸು ಬೆಳೆಯೋ ಬಗೆ ತಿಳಿಯೋದು ಬೆಳವಣಿಗೆಯ ಮನಃಶಾಸ್ತ್ರ. ಎಂ.ಎ. ಅಥವಾ ಎಂ.ಎಸ್ಸಿ. ಸೇರೋ ಮುಂಚೆ ಇವುಗಳಲ್ಲಿ ನಿಮಗೆ ಬೇಕಾದದ್ದು ಯಾವುದು ಅಂತ ಯೋಚಿಸಿ.

ಅರ್ಧಂಬರ್ಧ ಕಲಿತವರು ಜನರ ಮನಸ್ಸಿಗೆ ಕೈ ಹಾಕಬಾರದು, ಅದಕ್ಕೆ ಸರಿಯಾದ ತರಬೇತಿ ಮತ್ತು ಪ್ರತ್ಯೇಕ ಡಾಕ್ಟರೇಟ್ ಪದವಿ ಬೇಕು ಅಂತ ಲೀಟಾ 1918ರಲ್ಲೇ ಬರೆದಿದ್ದರು. ನಮ್ಮ ದೇಶದಲ್ಲೂ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕಾದರೆ ಎಂ.ಎ. ಒಂದೇ ಸಾಲದು. ಅದಕ್ಕೆಂದೇ ಇರೋ ಮಾನ್ಯತೆ ಪಡೆದ ಕೋರ್ಸ್ ಮಾಡಿ, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. ಜಾಹೀರಾತು ನೋಡಿ ದುಡ್ಡು ಕಟ್ಟೋ ಮುಂಚೆ ಕೋರ್ಸಿಗೆ ಮಾನ್ಯತೆ ಇದೆಯಾ, ಅಂಚೆ ಮೂಲಕ ಓದಿದರೆ ನಡೆಯುತ್ತಾ ಅಂತ ವಿಶ್ವವಿದ್ಯಾಲಯದಲ್ಲೇ ಕೇಳಿ ತಿಳಿದುಕೊಳ್ಳಿ.

ಇನ್ನು ಸಂಶೋಧನೆಗೆ ವಿಷಯ? ಲೀಟಾಗೆ ಅದು ಸಿಕ್ಕಿದ್ದು ಒಲೆ ಮುಂದೆ ಕೂತಿದ್ದ ವರ್ಷಗಳಲ್ಲಿ. ಮನೆಯಲ್ಲಿ ಕಳೆದ ಕಾಲ ದಂಡ ಅಂತ ಕೊರಗಬೇಡಿ. ಮಕ್ಕಳ ಹಟ, ಅತ್ತೆಯ ಮರೆವು, ಪರೀಕ್ಷೆ ಹತ್ತಿರ ಬಂದಾಗ ಮಗಳಿಗೆ ಬರೋ ಹೊಟ್ಟೆನೋವು ಇವನ್ನೆಲ್ಲ ನಿಮ್ಮಷ್ಟು ಹತ್ತಿರದಿಂದ ನೋಡಿದವರು ಯಾರಿದ್ದಾರೆ? ಇವತ್ತು ಮಧ್ಯಾಹ್ನ ಒಂದು ಹಾಳೆ ತಗೊಂಡು, ಎಲ್ಲರೂ ಹಾಗಂತಾರೆ ಆದರೆ ನನಗೇಕೋ ಅನುಮಾನ ಅಂತ ನಿಮಗನ್ನಿಸೋ ಮೂರು ವಿಷಯ ಬರೆಯಿರಿ. ಸಂಜೆ ಕಾಫಿ ಕೊಡುವಾಗ ಆ ಹಾಳೆಯನ್ನು ಮನೆಯವರಿಗೂ ತೋರಿಸಿ, ಓದೋ ಆಸೆ ಬಾಯಿಬಿಟ್ಟು ಹೇಳಿ. ಫೀಸಿನ ಲೆಕ್ಕ ಇಬ್ಬರೂ ಕೂತು ಹಾಕಿ. ಆ ಮನೆಯಲ್ಲೂ ಇಬ್ಬರೂ ಕೂತೇ ಹಾಕಿದ್ದರು.